ಬ್ಯಾಟರಿ ದೋಣಿ ಹತ್ತಿದ ತಾಂಡೇಲರು

ತಾಂಡೇಲರ ಬಲಗೈಯ ತೋರುಬೆರಳು ಸದಾ ಸೆಟೆದುಕೊಂಡೇ ಇರುತ್ತಿತ್ತು. ಇಂಜಿನ್ನಿನ ಹಗ್ಗ ಎಳೆಯುವಾಗ ಎಂದೋ ಮುರಿದದ್ದು, ಮತ್ತೆ ಮಡಚಲಾಗಲಿಲ್ಲ. ಅದರಲ್ಲೇ ಗಾಳಿಯ ದಿಕ್ಕು ತೋರಿಸುತ್ತಿದ್ದರು, ಅದರಲ್ಲೇ ನಮ್ಮನ್ನು ಗದರಿಸುತ್ತಿದ್ದರು. ಉಪ್ಪುಂದದ ಕಡಲ ಬದಿಯಲ್ಲಿ ನಮ್ಮದು ಅಕ್ಕಪಕ್ಕದ ಮನೆ. ನನಗೆ ಅವರು ಮಾವ; ದೋಣಿಯ ಮುಂದಾಳಾದ್ದರಿಂದ ಊರಿಗೆಲ್ಲ ತಾಂಡೇಲರು.

ನಮ್ಮ ದೋಣಿಗಳೆಲ್ಲ ಸೀಮೆಎಣ್ಣೆಯಲ್ಲಿ ಓಡುತ್ತಿದ್ದವು. ಸರ್ಕಾರ ಕೊಡುವ ಎಣ್ಣೆ ಬಾರದಿದ್ದರೆ ಬಂಗುಡೆಯ ಹಿಂಡು ಕಣ್ಣೆದುರೇ ಹಾದರೂ ದಡದಲ್ಲೇ ಕೂರಬೇಕು. ಒಮ್ಮೆ ಅರೆಬರೆ ಎಣ್ಣೆಯಲ್ಲೇ ಹೊರಟ ನನ್ನ ಅಪ್ಪಯ್ಯನ ದೋಣಿ ನಡುಕಡಲಲ್ಲಿ ನಿಂತುಬಿಟ್ಟಿತು. ಗಾಳಿ ಎದ್ದಿತ್ತು. ಅಪ್ಪಯ್ಯನ ಫೋನು ಬಂದಾಗ ತಾಂಡೇಲರ ಬಲೆಯಲ್ಲಿ ಆಗಷ್ಟೇ ಮೀನು ತುಂಬುತ್ತಿತ್ತಂತೆ. ಅವರು ಬಲೆ ಕಡಿದು ಕಡಲಿಗೆ ಬಿಟ್ಟರು. ಅಪ್ಪಯ್ಯನ ದೋಣಿಗೆ ಹಗ್ಗ ಕಟ್ಟಿ ದಡದವರೆಗೂ ಎಳೆದು ತಂದರು. ಅಳುತ್ತಾ ಕೈಮುಗಿದ ಅಮ್ಮನಿಗೆ, "ಮರ್ಕುದ್ ಎಂತಕ್ಕೆ? ಬಲಿ ಹೊಸ್ದ್ ಮಾಡ್ಲಕ್, ಜನ ಮಾಡುಕಾತ್ತಾ?" ಎಂದು ಹೇಳಿ ಚಾ ಕೇಳಿದರು.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ದೋಣಿಗೆ ಹಾಕುವ ಬ್ಯಾಟರಿ ಇಂಜಿನ್ ತಂದ. ಎಲ್ಲರೂ ನಕ್ಕರು. ತಾಂಡೇಲರು ಮಾತ್ರ, "ಹ್ವಾಯ್, ನನ್ ದೋಣಿಗ್ ಕಟ್ಟಿ ಕಾಂಬ" ಎಂದರು. ಹಳೆಯ ಇಂಜಿನ್ನನ್ನೂ ಜೊತೆಗಿಟ್ಟುಕೊಂಡರು. ನಾನೂ ಹತ್ತಿದೆ. ಹೊಗೆಯಿಲ್ಲ, ಗದ್ದಲವಿಲ್ಲ. ತಾಂಡೇಲರು ಕಣ್ಣು ಮುಚ್ಚಿ, "ನೀರಿನ್ ಶಬ್ದ ಕೇಣ್ತಾ ಹೋಪುದ್! ನನ್ನಪ್ಪ ಹುಟ್ಟ್ ಹಾಕುವತಿಗೆ ಹೀಂಗೇ ಇತ್ತ್" ಎಂದರು. ಆ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮೊದಲು ಕಂಡಿರಲಿಲ್ಲ.

ಹಿಂತಿರುಗುವಾಗ ಎದುರುಗಾಳಿಗೆ ಬ್ಯಾಟರಿ ಸೋತಿತು. ಸೀಮೆಎಣ್ಣೆಯ ಇಂಜಿನ್ನೇ ನಮ್ಮನ್ನು ದಡ ಸೇರಿಸಿತು. ತಲೆ ತಗ್ಗಿಸಿದ ಹುಡುಗನ ಬೆನ್ನು ತಟ್ಟಿ ತಾಂಡೇಲರು ಹೇಳಿದರು: "ಬೇಜಾರ್ ಮಾಡ್ಬೇಡ ಮಾರಾಯ. ಮುಂದೆ ಇದೇ ಬಪ್ಪುದ್. ಹೋಪುಕೆ ಅಡ್ಡಿಲ್ಲ, ತಿರ್ಗಿ ಮನಿಗ್ ಬಪ್ಪುಕೂ ಆಯ್ಕಲ್ದಾ? ಅಲ್ಲಿವರಿಗೆ ಚಿಮಣಿ ಎಣ್ಣಿ ಬಿಡುಕಾತಿಲ್ಲ."

ಮರುದಿನ ದಡದಲ್ಲಿ ಯಾರೋ ಆ ಹುಡುಗನನ್ನು ಹಂಗಿಸಿದಾಗ ತಾಂಡೇಲರು ಸಿಟ್ಟಿನಿಂದ ಎದ್ದು ನಿಂತದ್ದೂ ನೆನಪಿದೆ.

ಕಳೆದ ಮಳೆಗಾಲದಲ್ಲಿ ಅವರು ಕುಂದಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂದು ಅವರು ದಡ ಮುಟ್ಟಿಸಿದ ಅಪ್ಪಯ್ಯನಿಗೆ ಈಗ ಕಿವಿ ಮಂದ. ಮಧ್ಯಾಹ್ನ ಊಟಕ್ಕೆ ಕುಳಿತಾಗ ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೀನಿನ ಮುಳ್ಳು ಬಿಡಿಸಿ ಅವಳ ಬಟ್ಟಲಿಗೆ ಹಾಕುತ್ತಾರೆ. ಅವಳು ಅಜ್ಜನ ತೊಡೆಗೆ ಒರಗಿ ಉಣ್ಣುವುದನ್ನು ನೋಡುತ್ತಾ ನಾನು ಬಡಿಸುವುದನ್ನೇ ಮರೆಯುತ್ತೇನೆ.