ಒಂಬತ್ತನೆಯ ಸ್ಕ್ರೂ

ಅವನಿಗೆ ಬಿಚ್ಚಯ್ಯ ಎಂದು ಹೆಸರಿಟ್ಟವಳು ಹೆತ್ತ ತಾಯಿಯೇ. ಏಳನೆಯ ವಯಸ್ಸಿನಲ್ಲಿ ಅವನು ಮನೆಯ ಅಲಾರಂ ಗಡಿಯಾರವನ್ನು ಬಿಚ್ಚಿ, ಮತ್ತೆ ಜೋಡಿಸಿ, ಅಂಗೈಯಲ್ಲಿ ಎರಡು ಸ್ಕ್ರೂ ಹಿಡಿದು ಬಂದು, "ಅಮ್ಮ, ಇವು ಬೇಕಾಗಲಿಲ್ಲ" ಎಂದಿದ್ದ. ಗಡಿಯಾರ ಓಡಿತು. ಅಲಾರಂ ಮಾತ್ರ ಮತ್ತೆಂದೂ ಬಾಯಿ ಬಿಡಲಿಲ್ಲ. ಅಂದಿನಿಂದ ಬೆಳಗ್ಗೆ ಎಲ್ಲರನ್ನೂ ಎಬ್ಬಿಸುವ ಕೆಲಸ ಅಕ್ಕನ ತಲೆಗೆ ಬಿತ್ತು. ಐವತ್ತೆರಡು ದಾಟಿದ ಮೇಲೂ ಅವಳಿಗೆ ನಾಲ್ಕು ಗಂಟೆಗೆ ತಾನಾಗಿಯೇ ಎಚ್ಚರವಾಗುತ್ತದೆ. ಇದಕ್ಕೆ ಕಾರಣ ಯಾರು ಎಂಬುದನ್ನು ಅವಳು ಒಂದು ದಿನವೂ ಮರೆತಿಲ್ಲ.

ಈಗ ಬಿಚ್ಚಯ್ಯನಿಗೆ ನಲವತ್ತೇಳು. ಶಾಲೆಯೊಂದರ ಪ್ರಯೋಗಾಲಯದಲ್ಲಿ ಸಹಾಯಕ. ಅಲ್ಲಿ ವಸ್ತುಗಳಿರುವುದೇ ಬಿಚ್ಚಲಿಕ್ಕೆ, ಹಾಗಾಗಿ ಒಳ್ಳೆಯ ಹೆಸರಿದೆ. ನೆಂಟರ ಮನೆಗಳಲ್ಲಿ ಕತೆ ಬೇರೆ. ಅವನು ಕೈಯಿಟ್ಟ ಫ್ಯಾನು ತಿರುಗುತ್ತದೆ, ಅದರ ಬಟ್ಟಲು ಮಾತ್ರ ಅಟ್ಟದ ಮೇಲೆ ಧೂಳು ತಿನ್ನುತ್ತದೆ. ಅವನು ಸರಿಮಾಡಿದ ನಲ್ಲಿ ಸೋರುವುದಿಲ್ಲ, ಆದರೆ ತಿರುಗಿಸಲು ಇಕ್ಕಳ ಬೇಕು. ರೋಗ ಹುಡುಕುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ರೋಗ ಸಿಕ್ಕಿತೋ, ರೋಗಿಯ ಮೇಲಿನ ಆಸಕ್ತಿ ಅಲ್ಲಿಗೆ ಮುಗಿಯಿತು. ಹೀಗೆ ಉಳಿದ ಸ್ಕ್ರೂಗಳನ್ನೆಲ್ಲ ಅವನು ಒಂದು ತಗಡಿನ ಡಬ್ಬಿಯಲ್ಲಿ ಕಾಪಾಡಿಕೊಂಡು ಬಂದಿದ್ದಾನೆ. "ಅದು ಡಬ್ಬಿಯಲ್ಲ, ಪಾಪದ ಕೊಡ. ತುಂಬಿದ ದಿನ ನಾನು ತವರಿಗೆ ಹೊರಡ್ತೀನಿ" ಎನ್ನುವುದು ಅವನ ಹೆಂಡತಿಯ ಮಾತು.

ಅಕ್ಕನದು ಪಿಕಪ್ ಗಾಡಿ. ಒಗೆದು ಇಸ್ತ್ರಿ ಮಾಡಿದ ಚಾದರಗಳನ್ನು ಲಾಂಡ್ರಿಯಿಂದ ಆಸ್ಪತ್ರೆಗೆ ಮುಟ್ಟಿಸಿ, ಮಾಸಿದ್ದನ್ನು ವಾಪಸು ತರುವುದು ಹನ್ನೊಂದು ವರ್ಷಗಳಿಂದ ಅವಳ ಕೆಲಸ. ಬೆಳಗಿನ ನಾಲ್ಕೂವರೆಗೆ ಹೊರಡಬೇಕು. ಹಳೆಯ ಗಾಡಿ ಕೈಕೊಟ್ಟ ಮೇಲೆ, ಮೂರು ವರ್ಷದ ಹಿಂದೆ, ಯಾರೋ ಓಡಿಸಿ ಬಿಟ್ಟ ಇದನ್ನು ಕೊಂಡಿದ್ದಳು. ಇತ್ತೀಚೆಗೆ ಇದರ ಮೀಟರಿನ ದೀಪಗಳು ಒಂದೊಂದಾಗಿ ಸುಟ್ಟು, ನಾಲ್ಕೂ ಕಣ್ಣು ಮುಚ್ಚಿದ್ದವು. ಕತ್ತಲಲ್ಲಿ ಎಷ್ಟು ವೇಗ, ಎಷ್ಟು ಡೀಸೆಲ್ ಎಂದು ತಿಳಿಯಲು ಟಾರ್ಚ್ ಹಿಡಿಯಬೇಕಿತ್ತು. ಅವಳು ಎಂಜಿನ್ನಿನ ಸದ್ದಿನಲ್ಲೇ ವೇಗ ಅಳೆಯುವುದನ್ನು ಕಲಿತಿದ್ದಳು.

ಆದರೆ ಸೋಮವಾರ ಗಾಡಿಯ ತಪಾಸಣೆ. ತಪಾಸಣೆಗೆ ಹೊಸಬನೊಬ್ಬ ಬಂದಿದ್ದಾನೆ, ಹಿಂದಿನವನ ಹಾಗೆ ಬ್ರೇಕು, ಹೆಡ್‌ಲೈಟು ನೋಡಿ ಕಳಿಸುವವನಲ್ಲ, ಮೀಟರಿನ ಪ್ರತಿ ದೀಪಕ್ಕೂ ಬೆರಳಿಟ್ಟು ಎಣಿಸುತ್ತಾನೆ ಎಂದು ಸುದ್ದಿ. ಲಾಂಡ್ರಿಯ ಯಜಮಾನ ಖಡಾಖಂಡಿತವಾಗಿ ಹೇಳಿದ್ದ: "ಸೋಮವಾರ ಚೀಟಿ ತೋರಿಸಿ ಅಮ್ಮ. ಇಲ್ಲಾಂದ್ರೆ ಮಂಗಳವಾರದಿಂದ ಬೇರೆ ಗಾಡಿ ನೋಡ್ಕೋತೀನಿ."

ಭಾನುವಾರ ಎಲೆಕ್ಟ್ರಿಷಿಯನ್ ಅಂಗಡಿಗೆ ಬೀಗ. ತಮ್ಮನಿಗೆ ಸುದ್ದಿ ಹೇಗೆ ಮುಟ್ಟಿತೋ, ಮಧ್ಯಾಹ್ನ ಊಟದ ಕೈ ತೊಳೆಯುವಷ್ಟರಲ್ಲಿ ಸ್ಕ್ರೂಡ್ರೈವರ್ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದ.

"ನಾಲ್ಕು ಬಲ್ಬು ತಾನೆ ಅಕ್ಕ? ಅರ್ಧ ಗಂಟೆ."

"ನಿನ್ನ ಅರ್ಧ ಗಂಟೆ ನಂಗೊತ್ತು. ನೀನು ಬಿಚ್ಚಿಟ್ಟ ಅಮ್ಮನ ರೇಡಿಯೊ ಇನ್ನೂ ಆ ಅರ್ಧ ಗಂಟೆಯಲ್ಲೇ ಇದೆ."

ಬೇರೆ ದಾರಿಯಿರಲಿಲ್ಲ. ಅವನು ಬ್ಯಾಟರಿ ತಂತಿ ಕಳಚಿ, ಸ್ಟಿಯರಿಂಗ್ ಹಿಂದಿನ ಪ್ಲಾಸ್ಟಿಕ್ ಚೌಕಟ್ಟನ್ನು ಬಿಚ್ಚತೊಡಗಿದ. ಅವಳು ಸ್ಟೀಲ್ ತಟ್ಟೆ ಹಿಡಿದು ಪಕ್ಕದಲ್ಲೇ ಕೂತು, ಬಿದ್ದ ಒಂದೊಂದು ಸ್ಕ್ರೂವನ್ನೂ ಗಟ್ಟಿಯಾಗಿ ಎಣಿಸಿದಳು. ಒಂಬತ್ತು. ಮೀಟರ್ ಪೆಟ್ಟಿಗೆಯನ್ನು ಎಳೆದು ಮಗುಚಿದಾಗ ಹಿಂದೆ ಸಾಲಾಗಿ ಬಲ್ಬಿನ ಹೋಲ್ಡರುಗಳು. ಕಾಲು ಸುತ್ತು ತಿರುಗಿಸಿದರೆ ಕೈಗೆ ಬರುತ್ತಿದ್ದವು. ಮುಸುಕಿನ ಜೋಳದ ಕಾಳಿನಷ್ಟು ಪುಟ್ಟ ಬಲ್ಬುಗಳು, ಒಳಗೆಲ್ಲ ಮಸಿ. ಅವುಗಳ ಜಾಗಕ್ಕೆ ಹೊಸ ಎಲ್‌ಇಡಿ ಕೂರಿಸಿ, ಬ್ಯಾಟರಿ ತಂತಿ ಸಿಕ್ಕಿಸಿ ಬಂದ.

"ಅಕ್ಕ, ಬಿಸಿಲಲ್ಲಿ ಉರಿದಿದ್ದು ಕಾಣಲ್ಲ. ಒಂದು ಕಂಬಳಿ ತಗೊಂಬಾ."

"ಕಂಬಳಿ ಯಾಕೆ, ಮಲಗ್ತೀಯಾ?"

"ಕತ್ತಲೆ ಮಾಡ್ಬೇಕು."

"ಆ ಕೆಲಸದಲ್ಲಿ ನಿನ್ನ ಬಿಟ್ರೆ ಯಾರಿದಾರೆ" ಎನ್ನುತ್ತ ತಂದಳು.

ಇಬ್ಬರೂ ಕಂಬಳಿ ಹೊದ್ದು ಮೀಟರಿನ ಮೇಲೆ ಬಾಗಿದರು. ಮೊಣಕೈಗೆ ಮೊಣಕೈ ತಾಗಿತು. ಚಿಕ್ಕಂದಿನಲ್ಲಿ ಒಂದೇ ಕಂಬಳಿಗೆ ಎಳೆದಾಡಿದ ಜೋಡಿ. ಅವನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿರುವುದನ್ನು ಅವಳು ಆ ಮಂದ ಬೆಳಕಿನಲ್ಲಿ ಮೊದಲ ಸಲ ಕಂಡಳು. ಎರಡು ದೀಪ ಉರಿಯುತ್ತಿದ್ದವು, ಎರಡು ಇಲ್ಲ.

"ಇವಕ್ಕೆ ತಲೆ-ಬಾಲ ಇರುತ್ತೆ. ತಿರುಗುಮುರುಗಾದ್ರೆ ಉರಿಯಲ್ಲ."

"ಪರವಾಗಿಲ್ಲ, ಉರಿಯೋಕೆ ನಾನಿದೀನಿ."

ಆ ಎರಡನ್ನು ತಿರುಗಿಸಿ ಹಾಕಿದ. ನಾಲ್ಕೂ ಹತ್ತಿದವು. ಅರ್ಧ ಗಂಟೆ ಹೋಗಿ ಎರಡು ಗಂಟೆಯಾಗಿತ್ತು.

"ಸರಿ. ಮುಚ್ಚು" ಎಂದಳು ಅಕ್ಕ.

"ಒಂದೇ ನಿಮಿಷ..."

ಆ ಮಾತು ಕಿವಿಗೆ ಬಿದ್ದದ್ದೇ ಅವಳು ಸ್ಕ್ರೂ ತಟ್ಟೆಯನ್ನು ಅವನ ಮುಂದೆ ಚಾಚಿದಳು. ಅವನ ಬೆರಳು ಆಗಲೇ ಇನ್ನೊಂದು ಹೋಲ್ಡರನ್ನು ತಿರುಗಿಸಿತ್ತು.

"ಎಂಜಿನ್ ಎಣ್ಣೆಯ ಎಚ್ಚರಿಕೆ ದೀಪದ ಹೋಲ್ಡರು. ಇದರಲ್ಲಿ ಬಲ್ಬೇ ಇಲ್ಲ ನೋಡು."

"ಸುಟ್ಟಿರುತ್ತೆ."

"ಸುಟ್ಟಿದ್ರೆ ಹೆಣವಾದ್ರೂ ಇರ್ಬೇಕಲ್ಲ. ಇದನ್ನ ಯಾರೋ ಬೇಕಂತಲೇ ಕಿತ್ತಿದಾರೆ."

ಚೀಲದಲ್ಲಿದ್ದ ಬಲ್ಬೊಂದನ್ನು ಹಾಕಿ ಕೀಲಿ ತಿರುಗಿಸಿದ. ಕೆಂಪು ದೀಪ ಹತ್ತಿತು. ಎಂಜಿನ್ ಶುರುಮಾಡಿದ ಮೇಲೆ ಆರಬೇಕಾದ ಆ ದೀಪ ಆರಲಿಲ್ಲ. ಎಂಜಿನ್ನಿನಲ್ಲಿ ಎಣ್ಣೆ ಓಡುತ್ತಿಲ್ಲ ಎಂದು ಅದರ ಅರ್ಥ. ಅವನು ಕೂಡಲೇ ಎಂಜಿನ್ ಆರಿಸಿದ. ಮೂರು ವರ್ಷದಿಂದ ದೀಪ ಹತ್ತಿಲ್ಲ, ಎಲ್ಲವೂ ಕ್ಷೇಮ ಎಂದು ನಂಬಿ ಓಡಿಸಿದ್ದಳು ಅವಳು. ಬಾನೆಟ್ ಎತ್ತಿ ಅಳತೆಯ ಕಡ್ಡಿ ಎಳೆದು ನೋಡಿದಳು. ವಾರವಾರವೂ ನೋಡುವ ಹಾಗೆ, ಎಣ್ಣೆ ಗೆರೆಯವರೆಗೂ ಇತ್ತು.

"ಕಿತ್ತು ಬಿಸಾಕು ಆ ಬಲ್ಬನ್ನ. ಮುಚ್ಚು."

"ಕಿತ್ರೆ ನಾಳೆ ಆ ಹೊಸಬನ ಎಣಿಕೆಗೆ ಒಂದು ಕಡಿಮೆ ಬೀಳುತ್ತೆ. ಬಿಟ್ರೆ ಆರಲ್ಲ."

ಅಕ್ಕನ ಸಹನೆಯ ಕಟ್ಟೆ ಅಲ್ಲಿಗೆ ಒಡೆಯಿತು. "ನಾನು ಕೇಳಿದ್ದು ನಾಲ್ಕು ದೀಪ. ನಾಲ್ಕು ಹತ್ತಿದ್ವು. ಅಲ್ಲಿಗೆ ಎದ್ದು ಬರೋಕೆ ನಿಂಗೇನಾಗಿತ್ತು? ಹುಟ್ಟಿದಾಗಿನಿಂದ ಬಿಚ್ಚಿದೆ, ಬಿಚ್ಚಿದೆ. ಒಂದನ್ನಾದ್ರೂ ಮುಚ್ಚಿದೀಯಾ? ನಾಳೆ ಚೀಟಿ ಕೊಡದೆ ಕಳಿಸಿಬಿಟ್ರೆ ಹನ್ನೊಂದು ವರ್ಷದ ಕೆಲಸ ಹೋಗುತ್ತೆ ಕಣೋ. ಆಮೇಲೆ ನಿನ್ನ ಡಬ್ಬಿ ಇಟ್ಕೊಂಡು ಪೂಜೆ ಮಾಡ್ಲಾ?"

ಅವನು ಎಂಜಿನ್ನಿನ ಮೇಲೆ ಬಾಗಿ, ದೀಪದ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು, ತಾಯಿ ಮಗುವಿನ ತಲೆಯಲ್ಲಿ ಹೇನು ನೋಡುವ ಹಾಗೆ ಇಂಚಿಂಚಾಗಿ ಸರಿಯುತ್ತ ಹೋದ. ಅಕ್ಕ ಮೆಟ್ಟಿಲ ಮೇಲೆ ಕೂತಳು. ಅವನ ಹೆಂಡತಿಯ ಫೋನು ಬಂತು.

"ಅತ್ತಿಗೆ, ರಾತ್ರಿ ಊಟಕ್ಕೆ ಬರ್ತಾರಾ ಇವರು?"

"ಯಾವ ರಾತ್ರಿ ಅಂತ ಹೇಳೋಕಾಗಲ್ಲಮ್ಮ" ಎಂದಳು.

ಹೊತ್ತು ಇಳಿಯುವ ವೇಳೆಗೆ ಅವನ ಬೆರಳು ನಿಂತಿತು.

"ಅಕ್ಕ, ಕೀಲಿ ತಿರುಗಿಸಿ ಶುರುಮಾಡು. ಕೆಂಪು ನೋಡ್ತಾ ಇರು."

ಶುರುಮಾಡಿದಳು. ಕೆಂಪು ಉರಿಯುತ್ತಲೇ ಇತ್ತು, ಅವನು ತಂತಿ ಎಳೆದದ್ದೇ ಒಮ್ಮೆಲೇ ಆರಿತು. ಮತ್ತೆ ಹತ್ತಿತು, ಮತ್ತೆ ಆರಿತು. ಎಂಜಿನ್ನಿನ ಹಿಂದೆ ತಂತಿ ಕಬ್ಬಿಣಕ್ಕೆ ಉಜ್ಜಿ ಸಿಪ್ಪೆ ಸವೆದಿತ್ತು. ತಾಗಿದಾಗೆಲ್ಲ ದೀಪ ಸುಳ್ಳು ಹೇಳುತ್ತಿತ್ತು. ಗಾಡಿಯ ಹಿಂದಿನ ಯಜಮಾನ ಸುಳ್ಳಿನ ಮೂಲ ಹುಡುಕುವ ಬದಲು ನಾಲಿಗೆಯನ್ನೇ ಕಿತ್ತಿದ್ದ. ಬಿಚ್ಚಯ್ಯ ಟೇಪು ಸುತ್ತಿ, ತಂತಿಯನ್ನು ದೂರ ಎಳೆದು ಕಟ್ಟಿ, ಕೈ ಒರೆಸಿಕೊಂಡು ಚೀಲ ಎತ್ತಿಕೊಂಡ.

"ಆಯ್ತಲ್ಲ. ಇನ್ನು ಬರೀ ಸ್ಕ್ರೂ. ನೀನೇ ಹಾಕ್ಕೋಬಹುದು."

ಅಕ್ಕ ಗೇಟಿಗೆ ಅಡ್ಡ ನಿಂತಳು. "ಒಂಬತ್ತು. ಒಂದೊಂದಾಗಿ ಹಾಕು. ನಾನು ಎಣಿಸ್ತೀನಿ."

ಅವನು ಪೆಟ್ಟಿಗೆ ಕೂರಿಸಿದ, ಚೌಕಟ್ಟು ಒತ್ತಿದ, ಹಾಕುತ್ತ ಹೋದ. ಎಂಟು. ತಟ್ಟೆ ಖಾಲಿ. ಸೀಟಿನ ಕೆಳಗೆ, ಕಂಬಳಿಯ ಮಡಿಕೆಯಲ್ಲಿ, ಅವನ ಅಂಗಿಯ ಜೇಬಿನಲ್ಲಿ ಹುಡುಕಿದರು. ಇಲ್ಲ. ನಲವತ್ತು ವರ್ಷಗಳಲ್ಲಿ ಮೊದಲ ಸಲ ಸ್ಕ್ರೂ ಒಂದು ಉಳಿಯುವ ಬದಲು ಕಡಿಮೆ ಬಿದ್ದಿತ್ತು. ಅವನೇ ತಬ್ಬಿಬ್ಬಾಗಿ ನಿಂತ. ಆಮೇಲೆ ಚೀಲದ ತಳದಿಂದ ತಗಡಿನ ಡಬ್ಬಿ ಹೊರಗೆ ಬಂತು. ಕೆದಕಿ ಕೆದಕಿ ಒಂದನ್ನು ಆರಿಸಿದ. ಅದು ಸರಿಯಾಗಿ ಹೊಕ್ಕಿತು.

ಅಕ್ಕ ಕಣ್ಣು ಕಿರಿದು ಮಾಡಿದಳು. "ಇದು ನನ್ನ ಅಡುಗೆಮನೆ ಕಪಾಟಿನ ಹಿಡಿಕೆಯ ಸ್ಕ್ರೂ ಅಲ್ವೇನೋ? ಎರಡು ವರ್ಷದಿಂದ ಬಾಗಿಲು ತೆಗೆಯೋಕೆ ಚಮಚ ಹಾಕ್ತಿದೀನಿ ನಾನು."

"ಹೌದಾ?" ಎಂದ, ನಿಜವಾಗಿಯೂ ಆಶ್ಚರ್ಯಪಟ್ಟು.

ಮರುದಿನ ಹೊಸಬ ಕತ್ತಲೆಯ ಶೆಡ್ಡಿನಲ್ಲಿ ಬೆರಳಿಟ್ಟು ಎಣಿಸಿದ. ಕೆಂಪಿನ ಮೇಲೆ ಬೆರಳು ನಿಂತಾಗ ಅಕ್ಕ ಕೀಲಿ ತಿರುಗಿಸಿದಳು. ಎಂಜಿನ್ ಗುಡುಗಿತು, ಕೆಂಪು ಆರಿತು. ಚೀಟಿ ಬರೆದು ಕೊಟ್ಟ. ಲಾಂಡ್ರಿಯ ಯಜಮಾನ ಅದನ್ನು ಎರಡು ಸಲ ಓದಿ, "ನಾಳೆ ಮಾಮೂಲಿ ಹೊತ್ತಿಗೆ ಬನ್ನಿ ಅಮ್ಮ" ಎಂದ.

ಮನೆಗೆ ಮರಳುವ ದಾರಿಯಲ್ಲಿ ಗಾಡಿ ಒಂದು ಗುಂಡಿಗೆ ಇಳಿದು ಏರಿತು. ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಏನೋ ಟಿಣ್ ಎಂದಿತು. ಎಡಕ್ಕೆ ತಿರುಗಿಸಿದಳು, ಅದು ಗರಗರ ಉರುಳಿ ಬಲಕ್ಕೆ ಹೋಯಿತು. ಬಲಕ್ಕೆ ತಿರುಗಿಸಿದಳು, ಎಡಕ್ಕೆ ಬಂತು. ಒಂಬತ್ತನೆಯದು.

ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದಳು. ಅಷ್ಟರಲ್ಲಿ ಅವನದೇ ಫೋನು.

"ಏನಾಯ್ತಕ್ಕ?"

"ಪಾಸಾಯ್ತು. ಕೆಂಪಿನ ಮೇಲೂ ಬೆರಳಿಟ್ಟ ಅವನು." ಆಮೇಲೆ ಹೇಳಿದಳು, "ಒಳ್ಳೇದು ಮಾಡ್ದೆ."

ಅವನು ಮೆಲ್ಲಗೆ ಕೇಳಿದ, "ಒಳಗೆ ಏನಾದ್ರೂ ಸದ್ದು ಬರ್ತಿದೆಯಾ? ನಿನ್ನೆಯಿಂದ ಅದೇ ಯೋಚನೆ. ಬೇಕಾದ್ರೆ ಸಂಜೆ ಬಂದು, ಅರ್ಧ ಗಂಟೆ..."

"ಇಲ್ಲ. ಏನೂ ಸದ್ದಿಲ್ಲ" ಎಂದು ಅವಳು ಫೋನಿಟ್ಟಳು. ಗಾಡಿ ಹೊರಟಿತು. ಮುಂದಿನ ಗುಂಡಿಯನ್ನು ಬಲು ನಿಧಾನವಾಗಿ ದಾಟಿಸಿದಳು.