ಕೂಸು ಎಲ್ಲಿ ಎಂದು ಅವಳು ಕೇಳಿದ್ದಳು

ಹೆರಿಗೆಯಾದ ಎರಡನೆಯ ವಾರದಲ್ಲಿ ನನ್ನ ಹೆಂಡತಿ ಸಾವಿತ್ರಿಗೆ ನಿದ್ದೆ ಬಿಟ್ಟುಹೋಯಿತು. ಕೂಸು ಮಲಗಿದರೂ ಅವಳು ಮಲಗಲಿಲ್ಲ. ಪಕ್ಕದಲ್ಲಿ ಕೂತು, ಅದರ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುವಳು. ಬಾಣಂತನಕ್ಕೆಂದು ಹಾವೇರಿ ಕಡೆಯಿಂದ ಬಂದಿದ್ದ ನಮ್ಮವ್ವ, "ಚೊಚ್ಚಲ ಕೂಸು, ಅಂಜ್ತಾಳ. ಸರಿ ಹೋಗ್ತಾಳ ಬಿಡು" ಅಂದಳು. ನಾನೂ ಹಾಗೆಯೇ ಅಂದುಕೊಂಡು ಪೀಣ್ಯದ ಫ್ಯಾಕ್ಟರಿಗೆ ಹೋದೆ. ಅಲ್ಲಿ ನಾನು ಲೇತ್ ಮಷಿನ್ ನಡೆಸುತ್ತೇನೆ.

ಒಂದು ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚಿ ಎರೆದು, ಬಟ್ಟೆಯಲ್ಲಿ ಸುತ್ತಿ ಅವ್ವ ಸಾವಿತ್ರಿಯ ಮಡಿಲಿಗೆ ಕೊಟ್ಟಳು. ಸಾವಿತ್ರಿ ಅದರ ಮುಖವನ್ನೇ ಬಹಳ ಹೊತ್ತು ನೋಡಿದಳು.

"ಇದು ನಮ್ಮ ಕೂಸಲ್ರೀ. ಬದ್ಲಿ ಮಾಡ್ಯಾರ."

ನಗಬೇಕೆಂದುಕೊಂಡೆ. ಅವಳ ಕಣ್ಣು ನೋಡಿ ನಗು ಬರಲಿಲ್ಲ.

ಅವತ್ತೇ ಸಂಜೆ ಕೂಸನ್ನು ಎದೆಗೆ ಅವುಚಿಕೊಂಡು, ಬರಿಗಾಲಲ್ಲಿ ಬಾಗಲಗುಂಟೆಯ ರಸ್ತೆಗೆ ಇಳಿದಿದ್ದಳು, ನಮ್ಮ ಕೂಸನ್ನು ಹುಡುಕಿಕೊಂಡು. ಲಾರಿಗಳ ನಡುವಿನಿಂದ ಕೈ ಹಿಡಿದು ಕರೆತಂದವರು ನಮ್ಮ ಮನೆ ಓನರ್ ಜಯಮ್ಮ. "ಆಸ್ಪತ್ರೆಗೆ ಕರ್ಕೊಂಡೋಗಪ್ಪ. ಇದು ದೃಷ್ಟಿ ತೆಗುದ್ರೆ ಓಗೋದಲ್ಲ" ಅಂದರು.

"ಪೋಸ್ಟ್‌ಪಾರ್ಟಮ್ ಸೈಕೋಸಿಸ್" ಎಂದರು ಡಾಕ್ಟರು. "ಹೆರಿಗೆ ಆದ್ಮೇಲೆ ಕೆಲವರಿಗೆ ಬರೋ ಮನಸ್ಸಿನ ಕಾಯಿಲೆ. ಟ್ರೀಟ್‌ಮೆಂಟ್ ಕೊಟ್ರೆ ವಾಸಿ ಆಗತ್ತೆ."

ವಾಸಿ ಆಗತ್ತೆ ಎಂಬ ಮಾತೊಂದನ್ನೇ ಹಿಡಿದುಕೊಂಡು ಅಡ್ಮಿಟ್ ಮಾಡಿದೆ. ವಾರ್ಡಿನಲ್ಲಿ ಕೂಸಿಗೆ ಜಾಗವಿರಲಿಲ್ಲ. ಅವ್ವ ಬಾಟಲಿ ಹಾಲು ಕುಡಿಸಿಕೊಂಡು ಅದನ್ನು ಊರಿಗೆ ಕರೆದುಕೊಂಡು ಹೋದಳು. ನನ್ನನ್ನು ಒಳಗೆ ಬಿಡುವ ಮೊದಲು ನರ್ಸ್ ಹೇಳಿದರು, "ಮಗು ವಿಷಯ ಎತ್ತಬೇಡಿ ಸಾರ್. ಅವರು ಡಿಸ್ಟರ್ಬ್ ಆಗ್ತಾರೆ."

ನಾನು ಎತ್ತಲಿಲ್ಲ.

ಸಾವಿತ್ರಿ ಕೇಳುತ್ತಿದ್ದಳು, "ಕೂಸು ಎಲ್ಲೈತ್ರೀ?" ನಾನು, "ನೀ ಮೊದ್ಲ ಆರಾಮಾಗು" ಅನ್ನುತ್ತಿದ್ದೆ. ಅವಳು ನೈಟಿಯ ಮುಂಭಾಗಕ್ಕೆ ಟವೆಲ್ ಒತ್ತಿ ಹಿಡಿದು ಕೂತಿರುತ್ತಿದ್ದಳು. ಹಾಲು ಸೋರುತ್ತಿತ್ತು. ಕೆಲವು ದಿನಗಳಾದ ಮೇಲೆ ಕೇಳುವುದನ್ನು ಬಿಟ್ಟಳು. ಶಾಂತವಾಗಿದ್ದಾರೆ, ಇಂಪ್ರೂವ್‌ಮೆಂಟ್ ಇದೆ ಎಂದರು ನರ್ಸ್. ನನಗೂ ಹಾಗೆಯೇ ಕಂಡಿತು. ಊಟ ಮಾತ್ರ ಮಾಡುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಅನ್ನ ಕಲಸಿ ಬಾಯಿಗಿಟ್ಟಾಗ ಕೈ ಸರಿಸಿ, ಮೆಲ್ಲಗೆ ಕೇಳಿದಳು.

"ಎಲ್ಲಿ ಮಣ್ಣು ಮಾಡಿದ್ರಿ?"

ಮೊದಲು ನನಗೆ ಅರ್ಥವೇ ಆಗಲಿಲ್ಲ. ಅರ್ಥವಾದಾಗ, "ಇಲ್ಲ ಸಾವಿತ್ರಿ, ಕೂಸು ಆರಾಮೈತಿ, ಅವ್ವನ ಹಂತ್ಯಾಕ ಐತಿ" ಅಂದೆ. ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವನ ಮಾತನ್ನು ಅವಳು ಹೇಗೆ ನಂಬಬೇಕು? ತೋರಿಸೋಣವೆಂದರೆ ಫೋನನ್ನು ಗೇಟಿನಲ್ಲೇ ಇಟ್ಟುಕೊಂಡಿದ್ದರು. ನರ್ಸಿಗೆ ಹೇಳಿದೆ. "ಅದು ಕಾಯಿಲೆ ಮಾತು ಸಾರ್, ಮನಸ್ಸಿಗೆ ಹಚ್ಕೋಬೇಡಿ. ಡಾಕ್ಟರಿಗೆ ಹೇಳ್ತೀನಿ" ಎಂದರು. ಮಾತ್ರೆಯ ಡೋಸ್ ಜಾಸ್ತಿಯಾಯಿತು.

ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ, ಊರಿಂದ ಬಂದ ಅವ್ವ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಾಗಲೇ ಸಾವಿತ್ರಿ ನಂಬಿದ್ದು. ಓಡಿ ಹೋಗಿ ಎತ್ತಿಕೊಳ್ಳಲಿಲ್ಲ. ಹತ್ತಿರ ಹೋಗಿ ಅದರ ಪಾದ ಹಿಡಿದು ಮೂಸಿದಳು. ಕೂಸು ಚೀರಿತು, ಅವ್ವ ಹೆಗಲಿಗೆ ಹಾಕಿಕೊಂಡ ಮೇಲೇ ಅಳು ನಿಲ್ಲಿಸಿತು. ಸಾವಿತ್ರಿ ಪಾದ ಬಿಟ್ಟು ಅಡುಗೆಮನೆಗೆ ಹೋದಳು. ಅವಳ ಎದೆಯಲ್ಲಿ ಆಗ ಹಾಲಿರಲಿಲ್ಲ.

ಮಾತ್ರೆ ಮುಂದುವರಿಯಿತು. ನಿದ್ದೆ ಮರಳಿತು, ಆಮೇಲೆ ಊಟ, ಆಮೇಲೆ ನಿಧಾನವಾಗಿ ಮಾತು. ವಾರ್ಡಿನ ದಿನಗಳ ಮಾತನ್ನು ಮಾತ್ರ ನಾವಿಬ್ಬರೂ ಎತ್ತುತ್ತಿರಲಿಲ್ಲ.

ಈಚೆಗೆ ಫಾಲೋಅಪ್‌ಗೆ ಹೋದಾಗ, ಅಲ್ಲಿಗೆ ಹೊಸದಾಗಿ ಬಂದಿದ್ದ ಸೋಶಿಯಲ್ ವರ್ಕರ್ ಶಾಲಿನಿ ಮೇಡಂ ನಮ್ಮನ್ನು ಕೂರಿಸಿಕೊಂಡರು. ರೋಗಿಯ ಮನೆಯವರ ಜೊತೆ ಹೇಗೆ ಮಾತಾಡಬೇಕು, ಅವರಿಗೆ ಏನು ಹೇಳಬೇಕು, ಅವರಿಂದ ಏನು ಕೇಳಿ ತಿಳಿಯಬೇಕು ಎಂದು ಸಿಬ್ಬಂದಿಗೆ ಟ್ರೇನಿಂಗ್ ನಡೆಸುತ್ತಿದ್ದಾರಂತೆ. "ಪುಸ್ತಕದಿಂದ ನಾನು ಹೇಳಿದ್ರೆ ಬರ್ಕೋತಾರೆ ಅಷ್ಟೇ. ನೀವು ಬಂದು ಹೇಳ್ತೀರಾ?" ಎಂದು ನನ್ನನ್ನು ಕೇಳಿದರು.

"ನಾ ಹೇಳ್ತೇನ್ರಿ" ಅಂದಳು ಸಾವಿತ್ರಿ.

ಟ್ರೇನಿಂಗಿನ ದಿನ ಆಸ್ಪತ್ರೆಯ ಸಭಾಂಗಣದಲ್ಲಿ ನರ್ಸುಗಳು, ಕೌನ್ಸೆಲರ್‌ಗಳು ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೊದಲು ನನ್ನ ಸರದಿ. ರೋಗಿಯ ಗಂಡನ ಜೊತೆ ಮಾತು ಶುರುಮಾಡುವುದು ಹೇಗೆಂದು ಒಬ್ಬ ಕೌನ್ಸೆಲರ್ ಹುಡುಗಿ ಮಾಡಿ ತೋರಿಸಬೇಕಿತ್ತು. ಅವಳು ಕುರ್ಚಿ ಎಳೆದುಕೊಂಡು ಎದುರು ಕೂತು, "ಅಣ್ಣ, ನೀವು ಊಟ ಮಾಡಿದ್ರಾ? ನಿದ್ದೆ ಮಾಡ್ತಿದೀರಾ?" ಎಂದು ಕೇಳಿದಳು. ಅದು ಅಭ್ಯಾಸಕ್ಕೆ ಕೇಳಿದ ಪ್ರಶ್ನೆ. ನನಗೆ ಗೊತ್ತಿತ್ತು. ಆದರೆ ಸಾವಿತ್ರಿ ವಾರ್ಡಿನಲ್ಲಿದ್ದ ದಿನಗಳಲ್ಲಿ ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ.

ಸಾವಿತ್ರಿ ಎದ್ದು ನಿಂತು, ಸೆರಗಿನ ತುದಿ ಹಿಡಿದುಕೊಂಡು ಹೇಳಿದಳು.

"ಕೂಸು ಬದ್ಲಿ ಆಗೈತಿ ಅಂದಿದ್ದು ನನ್ನ ಜಡ್ಡು. ಅದು ನನಗೂ ಈಗ ತಿಳೀತೈತಿ. ಆದ್ರ ಕೂಸು ಸತ್ತೈತಿ ಅಂದಿದ್ದು ಜಡ್ಡಲ್ರಿ. ಕೇಳಿದ್ರ ಯಾರೂ ಹೇಳ್ತಿರ್ಲಿಲ್ಲ. ಇವ್ರು ಮುಖ ತಿರುಗಿಸ್ತಿದ್ರು. ಆಮ್ಯಾಲ ಹಾಲು ಬತ್ತಲಿಕ್ಕ ಗುಳಿಗಿ ಕೊಟ್ರಿ. ಕೂಸು ಇದ್ರ ಯಾಕ ಹಾಲು ಬತ್ತಸ್ತಾರ?"

ಆ ಗುಳಿಗೆಯ ವಿಷಯ ನನಗೂ ಅಂದೇ ತಿಳಿದದ್ದು.

ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಮಗುವಿನ ವಿಷಯ ಎತ್ತಬೇಡಿ ಎಂದಿದ್ದ ಅದೇ ನರ್ಸ್. "ನಾನೇ ಅಕ್ಕ ಅವತ್ತು ಡ್ಯೂಟೀಲಿದ್ದಿದ್ದು" ಎಂದರು. "ಮಗು ಎಲ್ಲಿದೆ ಅಂತ ನಿಮಗೆ ಮನೆಯವರು ಹೇಳಿರ್ತಾರೆ ಅಂದ್ಕೊಂಡಿದ್ದೆ. ಎಲ್ಲಿ ಮಣ್ಣು ಮಾಡಿದ್ರಿ ಅಂತ ನೀವು ಕೇಳಿದ್ಮೇಲೂ ಅದು ಕಾಯಿಲೆ ಮಾತು ಅಂತ..." ಸಾವಿತ್ರಿ ಅವರನ್ನು ಬೈಯಲಿಲ್ಲ. ಪರವಾಗಿಲ್ಲ ಎಂದೂ ಅನ್ನಲಿಲ್ಲ.

ನರ್ಸ್ ಕೇಳಿದರು, "ನಾವು ಏನು ಹೇಳ್ಬೇಕಿತ್ತಕ್ಕ?"

"ಕೂಸು ಐತಿ, ಹಾಲು ಕುಡೀತೈತಿ, ಅಜ್ಜಿ ಹಂತ್ಯಾಕ ಐತಿ ಅಂತ. ದಿನಾ ಹೇಳ್ಬೇಕಿತ್ರಿ. ನಂಬಲಿಲ್ಲಂದ್ರೂ ಹೇಳ್ಬೇಕಿತ್ತು."

ಈಗ ಆ ವಾರ್ಡಿನಲ್ಲಿ ಬಾಣಂತಿಯರಿಗೆ ಮಗುವಿನ ವಿಡಿಯೋ ತೋರಿಸುತ್ತಾರಂತೆ. ಶಾಲಿನಿ ಮೇಡಂ ಹೇಳಿದರು. ಕೇಳಿ ಸಂತೋಷವಾಯಿತು. ನಮಗೆ ಮಾತ್ರ ಆ ದಿನಗಳು ಮರಳಿ ಬರುವುದಿಲ್ಲ. ಕಾಯಿಲೆ ವಾಸಿಯಾಗುತ್ತದೆ ಎಂದು ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ಸತ್ತಿರದ ಕೂಸಿಗಾಗಿ ಒಬ್ಬಳೇ ಅತ್ತಿದ್ದಕ್ಕೆ ಮಾತ್ರ ಮಾತ್ರೆಯಿಲ್ಲ.

ಮಗಳು ಸಿಂಚನಾ ಈಗ ಮನೆ ತುಂಬ ಓಡಾಡುತ್ತಾಳೆ. ಅವಳು ಅವ್ವ ಅನ್ನುವುದು ಅಜ್ಜಿಗೆ. ತಾಯಿಯನ್ನು ನಾವೆಲ್ಲ ಕರೆಯುವುದನ್ನು ಕೇಳಿ ಕೇಳಿ, "ಸಾವಿತ್ತೀ" ಎಂದು ಹೆಸರು ಹಿಡಿದೇ ಕೂಗುತ್ತಾಳೆ. ತಿದ್ದಲು ಹೋದರೆ ಸಾವಿತ್ರಿ ಬಿಡುವುದಿಲ್ಲ.

"ಇರ್ಲಿ ಬಿಡ್ರಿ, ಕರೀತೈತಲ್ಲ" ಅನ್ನುತ್ತಾಳೆ. ಕೂಗಿದಾಗಲೆಲ್ಲ, ಕೈಯಲ್ಲಿ ಯಾವ ಕೆಲಸವಿದ್ದರೂ ಬಿಟ್ಟು, "ಓ" ಎನ್ನುತ್ತ ಹೋಗುತ್ತಾಳೆ.