ಮೇಣ ಸವರಿದ ದಾರ

ಬೀದಿಯವರೆಲ್ಲ ಅವಳನ್ನು ಬೈಂಡಿಂಗ್ ಅಕ್ಕ ಎಂದೇ ಕರೆಯುತ್ತಿದ್ದರು. ಬೈಂಡಿಂಗ್ ಅಸಲಿಗೆ ಅವಳ ಗಂಡನ ಕೆಲಸ. ಅವನು ತೀರಿಕೊಂಡಾಗ, ಇನ್ನು ಈ ಅಂಗಡಿ ಮುಚ್ಚಿದ ಹಾಗೇ ಎಂದು ಅಕ್ಕಪಕ್ಕದವರು ಮಾತಾಡಿಕೊಂಡಿದ್ದರು. ತಿಂಗಳು ತುಂಬುವ ಮೊದಲೇ ಅವಳು ಬಾಗಿಲು ತೆರೆದು, ಗಂಡನ ಸ್ಟೂಲಿನ ಮೇಲೆ ಕೂತು, ಸೂಜಿ ಹಿಡಿದದ್ದನ್ನು ನೋಡಿ ಮಾತು ನಿಲ್ಲಿಸಿದರು. ಶಾಲೆಯ ಹಾಜರಿ ಪುಸ್ತಕ, ವಕೀಲರ ಕಡತ, ಬೆನ್ನು ಕಿತ್ತುಹೋದ ನಿಘಂಟು, ಯಾವುದು ಬಂದರೂ ಬೇಡ ಎನ್ನುತ್ತಿರಲಿಲ್ಲ. ಹಾಳೆಗಳನ್ನು ಕಂತೆ ಕಟ್ಟಿ, ಬೆನ್ನಿಗೆ ತೂತು ಹಾಕಿ, ಮೇಣ ಸವರಿದ ದಾರದಲ್ಲಿ ಹೊಲಿದು, ಅಂಟು ಹಚ್ಚಿ ರಟ್ಟು ಕೂರಿಸುತ್ತಿದ್ದಳು. ಅವಳು ಹೊಲಿದ ಪುಸ್ತಕ ಹರಿದು ವಾಪಸು ಬಂದದ್ದಿಲ್ಲ.

ಅಂಗಡಿಯ ಹಿಂದೆ ಎರಡು ಕೋಣೆ. ಅಲ್ಲಿ ಅವಳು, ಅವಳ ಅತ್ತೆ ಮತ್ತು ಮಸಿ. ಮಸಿ ಎಂದರೆ ಬೆಕ್ಕು, ಹುಡುಕಿದರೂ ಒಂದು ಬಿಳಿ ಕೂದಲು ಸಿಗದಂಥ ಕರಿ ಬೆಕ್ಕು. ಗಂಡ ಇದ್ದಾಗ ರದ್ದಿ ಕಾಗದದ ಮೂಟೆಯೊಳಗೆ ಸಿಕ್ಕ ಮರಿ ಅದು. ತಮಗೆ ಅದನ್ನು ಕಂಡರೆ ಆಗುವುದಿಲ್ಲ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. "ದುಡಿಯೋದಿಲ್ಲ, ದುಃಖ ಪಡೋದಿಲ್ಲ, ಮೂರು ಹೊತ್ತೂ ತಿಂದು ಮಲಗುತ್ತೆ. ನಮ್ಮ ಮನೆ ಅಳಿಯ ಆಗ್ಬೇಕಿತ್ತು ಇದು!" ಎಂದು ಬೈಯುತ್ತಲೇ, ಯಾರೂ ನೋಡದಾಗ ತಮ್ಮ ತಟ್ಟೆಯ ಮೀನಿನ ತುಂಡನ್ನು ಕೆಳಗೆ ಜಾರಿಸುತ್ತಿದ್ದರು.

ಒಂದು ಸೋಮವಾರ ಮಸಿ ತಿಂದದ್ದನ್ನೆಲ್ಲ ಕಕ್ಕಿತು. ಮಂಗಳವಾರ ನೀರೂ ನಿಲ್ಲಲಿಲ್ಲ. ಬುಧವಾರ ಕಟಿಂಗ್ ಮಷಿನ್ನಿನ ಕೆಳಗೆ ಮುದುಡಿ ಕೂತದ್ದು, ಕರೆದರೆ ತಲೆಯನ್ನೂ ಎತ್ತಲಿಲ್ಲ. ಅವಳು ಅದನ್ನು ಚೀಲದೊಳಗೆ ಇಳಿಸಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಓಡಿದಳು. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಎಕ್ಸ್‌ರೇ ತೆಗೆಸಿ, "ಕರುಳಲ್ಲಿ ಏನೋ ಸಿಕ್ಕಿಕೊಂಡಿದೆ. ಇವತ್ತೇ ಆಪರೇಷನ್ ಆಗ್ಬೇಕು" ಎಂದರು.

ಎರಡು ಗಂಟೆಯ ನಂತರ ಹೊರಗೆ ಬಂದ ಡಾಕ್ಟರಮ್ಮನ ಕೈಯಲ್ಲಿ ಸ್ಟೀಲಿನ ಟ್ರೇ ಇತ್ತು. "ನೋಡಿ, ದಾರ. ಒಂದು ತುದಿ ಹೊಟ್ಟೆಯಲ್ಲೇ ಸಿಕ್ಕಿಕೊಂಡು, ಉಳಿದದ್ದು ಕೆಳಗಿಳಿದಿದೆ. ಲಾಡಿ ಎಳೆದ ಪೈಜಾಮದ ಥರ ಕರುಳು ನೆರಿಗೆ ನೆರಿಗೆ ಆಗಿತ್ತು. ಒಂದು ಕಡೆ ಕೊಳೆಯೋಕೆ ಶುರುವಾಗಿತ್ತು, ಅಷ್ಟು ತುಂಡನ್ನ ತೆಗೆದು ಜೋಡಿಸಿದ್ದೀನಿ. ಮನೇಲಿ ಯಾರಾದ್ರೂ ಹೊಲೀತಾರಾ?"

ಅವಳು ಬಗ್ಗಿ ನೋಡಿದಳು. ಟ್ರೇಯಲ್ಲಿದ್ದದ್ದು ಮೊಳದುದ್ದದ ದಪ್ಪ ದಾರ. ಎಷ್ಟು ತೊಳೆದಿದ್ದರೂ ಮೇಣದ ಹಳದಿ ಹೋಗಿರಲಿಲ್ಲ. ಭಾನುವಾರ ಶಾಲೆಯ ಗುಮಾಸ್ತ ಬಂದು ಕರೆದಾಗ, ಹೊಲಿಗೆಯಲ್ಲಿ ಮಿಕ್ಕಿದ್ದ ದಾರವನ್ನು ಮೇಜಿನ ಮೇಲೇ ಬಿಟ್ಟು ಎದ್ದಿದ್ದಳು. ವಾಪಸು ಬಂದು ನೋಡಿದರೆ ಅದು ಕಾಣಲಿಲ್ಲ, ಕಸದಲ್ಲಿ ಹೋಯಿತೇನೋ ಅಂದುಕೊಂಡಿದ್ದಳು.

"ಅತ್ತೆ ಹೊಲೀತಾರೆ" ಎಂದಳು. ಬಾಯಿಂದ ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಸುಳ್ಳೇನೂ ಅಲ್ಲ, ಅತ್ತೆ ಹೊಲಿಯುತ್ತಿದ್ದರು.

ಮಸಿಯನ್ನು ಒಂದು ದಿನ ಅಲ್ಲೇ ಇಟ್ಟುಕೊಂಡು ಕಳಿಸಿದರು. ಹೊಸ್ತಿಲಲ್ಲೇ ಅತ್ತೆ ಕೇಳಿದರು: "ಏನಿತ್ತಂತೆ ಹೊಟ್ಟೇಲಿ?"

"ದಾರ."

ಅತ್ತೆ ಮಂಚದ ಮೇಲಿದ್ದ ತಮ್ಮ ಹೊಲಿಗೆ ಡಬ್ಬಿಯ ಕಡೆ ತಿರುಗಿದರು. "ದಿಂಬಿನ ಚೀಲ ಹೊಲಿತಾ ಹಾಗೇ ನಿದ್ದೆ ಹೋಗಿದ್ದೆ ಕಣೇ ಭಾನುವಾರ. ಅಯ್ಯೋ, ನಂದೇ ಅದು!"

ಅಲ್ಲ ಎನ್ನಲು ಅವಳು ಬಾಯಿ ತೆರೆದಳು. ಬೆಕ್ಕು ಮೊದಲು ಚೇತರಿಸಿಕೊಳ್ಳಲಿ, ಆಮೇಲೆ ಹೇಳಿದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಸಂಜೆ ಕಸ ಹಾಕಲು ಹೋದರೆ, ಬುಟ್ಟಿಯಲ್ಲಿ ಅತ್ತೆಯ ಹೊಲಿಗೆ ಡಬ್ಬಿ ಬಿದ್ದಿತ್ತು, ಕತ್ತರಿಯ ಸಮೇತ.

ಅಂದಿನಿಂದ ಆರೈಕೆ ಶುರುವಾಯಿತು. ಹತ್ತು ದಿನ ಬೆಕ್ಕು ಹಾರಬಾರದು, ಹೊಲಿಗೆ ನೆಕ್ಕಬಾರದು. ಅದಕ್ಕೆಂದು ಆಸ್ಪತ್ರೆಯವರು ಕೊರಳಿಗೆ ಹಾಕಿದ ಆಲಿಕೆಯಂಥ ಪ್ಲಾಸ್ಟಿಕ್ ಪಟ್ಟಿಯ ಅಂಚು ಒತ್ತಿ ಕುತ್ತಿಗೆ ಕೆಂಪಾಗಿತ್ತು. ಅವಳು ತೆಳು ರಟ್ಟು ಕತ್ತರಿಸಿ, ರೆಕ್ಸಿನ್ ಅಂಟಿಸಿ, ಅಂಚಿಗೆ ಮೆತ್ತನೆ ಬಟ್ಟೆ ಸುತ್ತಿ ಹೊಸದೊಂದನ್ನು ಮಾಡಿದಳು. ದಾರ ಮುಟ್ಟದೆ, ಬರೀ ಅಂಟಿನಲ್ಲೇ. ಉಳಿದದ್ದೆಲ್ಲ ಅತ್ತೆಯದು. ಡಾಕ್ಟರಮ್ಮ ಕೊಟ್ಟ ಪೇಸ್ಟಿನಂಥ ಆಹಾರವನ್ನು ಬಿಸಿನೀರಲ್ಲಿ ಕದಡಿ, ಬೆಕ್ಕನ್ನು ಟವೆಲಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಸೂಜಿಯಿಲ್ಲದ ಸಿರಿಂಜಿನಲ್ಲಿ ಹಲ್ಲಿನ ಸಂದಿಯಿಂದ ತೊಟ್ಟು ತೊಟ್ಟಾಗಿ ಬಿಡುತ್ತಿದ್ದರು. ಮಾತ್ರೆಯನ್ನು ಚಮಚದಲ್ಲಿ ಅರೆಯುತ್ತಿದ್ದರು. ಬೆಕ್ಕಿನ ಕಕ್ಕಸಿಗೆಂದು ಮಣ್ಣು ತುಂಬಿಟ್ಟ ತಟ್ಟೆಯ ಮುಂದೆ ಕನ್ನಡಕ ಏರಿಸಿಕೊಂಡು ಕೂರುತ್ತಿದ್ದರು. ಮೂರನೆಯ ದಿನ ಅದು ಬೆರಳಿನಷ್ಟು ಮಲ ಹಾಕಿದಾಗ, "ಏ ಬಾರೇ ಇಲ್ಲಿ! ಬೇಗ ಬಾ!" ಎಂದು ಅವರು ಕೂಗಿದ ಕೂಗಿಗೆ ಎದುರಿನ ಪ್ರಿಂಟಿಂಗ್ ಪ್ರೆಸ್ಸಿನವನೂ ಗಾಬರಿಯಾಗಿ ಓಡಿಬಂದ. ಮೂವರೂ ಆ ತಟ್ಟೆಯ ಸುತ್ತ ನಿಂತು ನಕ್ಕರು.

ಆದರೆ ಅಂಗಡಿಗೂ ಒಳಗಿನ ಕೋಣೆಗೂ ನಡುವೆ ಇದ್ದದ್ದು ಬರೀ ಒಂದು ಪರದೆ. ತುತ್ತಿಗೊಮ್ಮೆ ಅತ್ತೆ ಆಡುವ ಮಾತು ಅವಳ ಕಿವಿಗೆ ಬೀಳುತ್ತಿತ್ತು. "ತಪ್ಪಾಯ್ತು ಮರೀ. ಮುದುಕಿಗೆ ಕಣ್ಣು ಕಾಣಲ್ಲ. ಬುದ್ಧಿ ಬೇಡ್ವಾ ನನಗೆ? ತಪ್ಪಾಯ್ತು, ಸ್ವಲ್ಪ ಕುಡಿ." ಅವಳು ಅಂಟಿನ ಬ್ರಷ್ಷು ಹಿಡಿದು ಹಾಗೇ ಕೂತಿರುತ್ತಿದ್ದಳು. ಅಂಟು ರಟ್ಟಿನ ಮೇಲೆ ಒಣಗುತ್ತಿತ್ತು. ಎದ್ದು ಒಳಗೆ ಹೋಗಿ ಒಂದು ಮಾತು ಹೇಳಿದರೆ ಮುಗಿಯಿತು. ಹೋಗಲಿಲ್ಲ.

ನಾಲ್ಕನೆಯ ದಿನ ಮಸಿ ತಾನಾಗಿ ಊಟದ ತಟ್ಟೆ ನೆಕ್ಕಿತು. "ಬದುಕಿಕೊಂಡಿತು ಕಣೇ" ಎಂದು ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾಳೆ ಖಂಡಿತ ಹೇಳುತ್ತೇನೆ ಎಂದು ಅವಳು ಗಟ್ಟಿ ಮನಸ್ಸು ಮಾಡಿದಳು.

ಐದನೆಯ ದಿನ ಬೆಳಿಗ್ಗೆ ಮಸಿ ಮೂಲೆಗೆ ಮುಖ ಮಾಡಿ ಮಲಗಿತ್ತು. ಹೊಟ್ಟೆ ಕಲ್ಲಿನಂತೆ ಬಿಗಿದಿತ್ತು, ಮುಟ್ಟಿದರೆ ನರಳಿತು. ಇಬ್ಬರೂ ಆಟೋದಲ್ಲಿ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮನ ಮುಖ ನೋಡಿದಾಗಲೇ ಅವಳಿಗೆ ಗೊತ್ತಾಯಿತು.

"ಒಳಗಿನ ಹೊಲಿಗೆ ಬಿಟ್ಟಿದೆ. ಸೋರಿ ಹೊಟ್ಟೆಯೆಲ್ಲ ಕೀವಾಗಿದೆ. ಇನ್ನೊಂದ್ಸಲ ತೆರೆದು ನೋಡ್ಬಹುದು. ಆದ್ರೆ ತಡ್ಕೊಳ್ಳೋ ಶಕ್ತಿ ಇದಕ್ಕಿಲ್ಲ."

"ಹೊಲಿಗೆ ಯಾಕೆ ಬಿಡ್ತು?" ಅವಳು ಕೇಳಿದಳು. "ನಾವೇನಾದ್ರೂ..."

"ನೀವು ನೋಡ್ಕೊಂಡಿದ್ರಲ್ಲಿ ಏನೂ ಕಮ್ಮಿ ಇಲ್ಲಮ್ಮ. ಕರುಳೇ ಮೆತ್ತಗಾಗಿತ್ತು, ಎಷ್ಟು ಚೆನ್ನಾಗಿ ಹಾಕಿದ್ರೂ ಹೊಲಿಗೆ ಹಿಡಿಯೋದಿಲ್ಲ."

ಆದರೂ ಪ್ರಯತ್ನ ಮಾಡಿ ಎಂದು ಇಬ್ಬರೂ ಬೇಡಿಕೊಂಡರು. ಅದಕ್ಕೂ ಅವಕಾಶ ಸಿಗಲಿಲ್ಲ. ಸಿಬ್ಬಂದಿ ಎಲ್ಲ ಸಜ್ಜು ಮಾಡುವಷ್ಟರಲ್ಲಿ, ಅತ್ತೆಯ ತೋರುಬೆರಳನ್ನು ಮುಂಗಾಲಿನಲ್ಲಿ ಹಿಡಿದುಕೊಂಡೇ ಮಸಿ ಉಸಿರು ನಿಲ್ಲಿಸಿತು. ಅತ್ತೆ ಬಹಳ ಹೊತ್ತು ಬೆರಳು ಬಿಡಿಸಿಕೊಳ್ಳಲಿಲ್ಲ.

ಹೊರಗೆ ಆಟೋಗೆ ಕಾಯುತ್ತ ಬೆಂಚಿನ ಮೇಲೆ ಕೂತರು. ಟವೆಲಿನ ಗಂಟು ಅತ್ತೆಯ ತೊಡೆಯ ಮೇಲಿತ್ತು. "ಮಗ ಸಾಕಿದ ಜೀವ. ನನ್ನ ಕೈಯಾರೆ ಕೊಂದುಬಿಟ್ಟೆ" ಎಂದರು ಅತ್ತೆ.

"ಅತ್ತೆ, ಅದು ನಿಮ್ಮ ದಾರ ಅಲ್ಲ."

ಅತ್ತೆ ತಿರುಗಿ ನೋಡಿದರು.

"ನಂದು. ಬೈಂಡಿಂಗ್ ದಾರ. ಮೇಜಿನ ಮೇಲೆ ಬಿಟ್ಟಿದ್ದೆ. ಡಾಕ್ಟರ್ ತೋರಿಸಿದ ದಿನವೇ ಗೊತ್ತಾಯ್ತು."

"ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

ಅತ್ತೆ ಬೈಯಲಿಲ್ಲ, ದನಿಯನ್ನೂ ಎತ್ತಲಿಲ್ಲ. "ನಾನು ಅದರ ಹತ್ರ ದಿನಕ್ಕೆ ಎಷ್ಟು ಸಲ ತಪ್ಪಾಯ್ತು ಅಂತ ಬೇಡ್ಕೊಂಡೆ. ನೀನು ಪರದೆ ಆಚೆ ಕೂತು ಕೇಳಿಸ್ಕೊಂಡ್ಯಲ್ಲೇ" ಎಂದರು ಅಷ್ಟೇ.

ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆಯ ಕೈ ಹಿಡಿಯಲು ಹೋದಳು. ಅವರು ಗಂಟನ್ನು ಎದೆಗವಚಿಕೊಂಡು ಕೊಂಚ ಸರಿದು ಕೂತರು.

ಪ್ರೆಸ್ಸಿನವನು ಹಿತ್ತಲಿನ ಗೋಡೆಯ ಪಕ್ಕ ಗುಂಡಿ ತೋಡಿಕೊಟ್ಟ. ಮಣ್ಣು ಮುಚ್ಚಿದ ಮೇಲೆ ಅತ್ತೆ ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ಹನ್ನೊಂದು ದಿನ ಮನೆಯಲ್ಲಿ ಮಾತಿರಲಿಲ್ಲ. ಇಟ್ಟ ಊಟವನ್ನು ಉಣ್ಣುತ್ತಿದ್ದರು, ತಟ್ಟೆಯನ್ನು ತಾವೇ ತೊಳೆದಿಡುತ್ತಿದ್ದರು. ಸೊಸೆ ಕೋಣೆಗೆ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವಳು ಅಂಗಡಿಯಲ್ಲಿ ಸೂಜಿಗೆ ದಾರ ಪೋಣಿಸಲಾಗದೆ, ಹೊಲಿಗೆಯ ಕೆಲಸವನ್ನೆಲ್ಲ ವಾಪಸು ಕಳಿಸಿದಳು. ಕಾರಣ ಕೇಳಿದವರಿಗೆ ಕೈನೋವು ಎಂದಳು.

ಹನ್ನೆರಡನೆಯ ದಿನ ಮಧ್ಯಾಹ್ನ ಅತ್ತೆ ಪರದೆ ಸರಿಸಿ ಬಂದು, ಚಹಾದ ಲೋಟವನ್ನು ಮೇಜಿನ ಮೇಲಿಟ್ಟರು. "ಆರಿಹೋಗುತ್ತೆ, ಕುಡಿ."

ಅವಳಿಗೆ ಅಳು ಒತ್ತರಿಸಿ ಬಂತು. "ಅತ್ತೆ, ನನ್ನನ್ನ ಕ್ಷಮಿ..."

"ಈಗ ಅದೇನೂ ಬೇಡ" ಎಂದು ಅವರು ಕೈ ಅಡ್ಡ ಹಿಡಿದರು. "ನಂಗಿನ್ನೂ ಆಗ್ತಿಲ್ಲ. ಆದಾಗ ನಾನೇ ಹೇಳ್ತೀನಿ."

ಅದಾಗಿ ಎರಡು ವರ್ಷವಾಯಿತು. ಅತ್ತೆ ಸೊಸೆ ಮೊದಲಿನಂತೆ ಮಾತಾಡುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ, ಪ್ರೆಸ್ಸಿನವನನ್ನು ಗೇಲಿ ಮಾಡಿ ನಗುತ್ತಾರೆ. ಆ ಒಂದು ಮಾತನ್ನು ಅತ್ತೆ ಇನ್ನೂ ಹೇಳಿಲ್ಲ. ಅವಳೂ ಕೇಳಿಲ್ಲ. ಅತ್ತೆಗೆ ಈಗ ಎಂಬತ್ತೊಂದು ವರ್ಷ.